ಗೈನಿಕ್ ವಾರ್ಡಿನ ಸಿಸ್ಟರ್‌ಗಳಿಗೆ ತರಬೇತಿ ಹೇಗೆ? ರೇಜರ್‌ನಿಂದ ಶುರು ಮಾಡಿ

ಆಸ್ಪತ್ರೆಗಳಲ್ಲಿ ನರ್ಸ್‌ಗಳ ತರಬೇತಿ ಎಂದರೆ ಸಾಮಾನ್ಯವಾಗಿ ಸಭಾಂಗಣ, ದೀಪ ಬೆಳಗುವುದು, ಮುಗಿಯದ ಸ್ಲೈಡುಗಳು, ಊಟ, ಹಾಜರಿ ಸಹಿ, ಸರ್ಟಿಫಿಕೇಟ್. ಮರುದಿನ ವಾರ್ಡಿನಲ್ಲಿ ಎಲ್ಲ ಮೊದಲಿನ ಹಾಗೇ. ಪುರಾವೆ ಆಧಾರಿತ ಶುಶ್ರೂಷೆಗೆ ಒಂದು ಉಪನ್ಯಾಸ, ರೋಗಿಯ ಜೊತೆ ಮಾತಾಡುವುದಕ್ಕೆ ಇನ್ನೊಂದು ಉಪನ್ಯಾಸ ಎಂದು ಬೇರೆ ಮಾಡಿದರೆ ಸ್ತ್ರೀರೋಗ ವಿಭಾಗದಲ್ಲಿ ಎರಡೂ ಕೈಗೆ ಹತ್ತುವುದಿಲ್ಲ. ಸರಿಯಾದ ಚಿಕಿತ್ಸೆ ಯಾವುದೆಂದು ಸಿಸ್ಟರ್‌ಗೆ ಗೊತ್ತಿದ್ದರೂ ಹೆಂಗಸು ಬಾಯಿ ಬಿಡದಿದ್ದರೆ ಅದು ಉಪಯೋಗಕ್ಕೆ ಬಾರದು. ತಾಲ್ಲೂಕು ಆಸ್ಪತ್ರೆಯ ವಾರ್ಡ್ ಇನ್‌ಚಾರ್ಜ್ ಅಥವಾ ನರ್ಸಿಂಗ್ ಕಾಲೇಜಿನ ಟ್ಯೂಟರ್ ವಾರಕ್ಕೆ ಅರ್ಧ ಗಂಟೆಯಂತೆ, ವಾರ್ಡಿನಲ್ಲೇ ನಡೆಸಬಹುದಾದ ಕ್ರಮ ಇಲ್ಲಿದೆ.

ಮೊದಲು: ಒಂದೇ ಒಂದು ಪ್ರಶ್ನೆ

ವಾರ್ಡಿನಲ್ಲಿ ದಿನವೂ ಮಾಡುವ, ಯಾಕೆಂದು ಯಾರೂ ಕೇಳದ ಒಂದು ಕೆಲಸ ಆರಿಸಿಕೊಳ್ಳಿ. ಗರ್ಭಕೋಶದ ಆಪರೇಷನ್‌ಗೆ ಮುಂಚೆ ರೇಜರ್‌ನಿಂದ ಕೂದಲು ತೆಗೆಯುವುದು ಒಳ್ಳೆಯ ಉದಾಹರಣೆ. ರೇಜರ್ ಚರ್ಮದ ಮೇಲೆ ಕಣ್ಣಿಗೆ ಕಾಣದ ಗೀರು ಮಾಡುತ್ತದೆ, ಅಲ್ಲಿ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ. ಕೂದಲು ತೆಗೆಯಲೇಬೇಡಿ, ತೀರಾ ಅಗತ್ಯವಿದ್ದರೆ ಕ್ಲಿಪ್ಪರ್ ಬಳಸಿ, ರೇಜರ್ ಮಾತ್ರ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ಆದರೂ ಎಷ್ಟೋ ಕಡೆ ಆಪರೇಷನ್ ಹಿಂದಿನ ಸಂಜೆ ರೇಜರ್ ಹೊರಬರುತ್ತದೆ.

ಪ್ರಶ್ನೆಯನ್ನು ನಾಲ್ಕು ತುಂಡು ಮಾಡಿ ಬೋರ್ಡ್ ಮೇಲೆ ಕನ್ನಡದಲ್ಲೇ ಬರೆಸಿ: ಯಾರಿಗೆ, ಏನು ಮಾಡುತ್ತೇವೆ, ಅದರ ಬದಲು ಏನು ಮಾಡಬಹುದು, ಯಾವ ಫಲ ನೋಡಬೇಕು. ರೇಜರ್ ಆದಮೇಲೆ ಉಪವಾಸದ ವಿಷಯ ಎತ್ತಿಕೊಳ್ಳಬಹುದು. ರಾತ್ರಿ ಹತ್ತರಿಂದ ನೀರೂ ಇಲ್ಲದೆ ಹೆಂಗಸರು ಮರುದಿನ ಮಧ್ಯಾಹ್ನದವರೆಗೆ ಕಾಯುತ್ತಾರೆ. ಬೇರೆ ತೊಂದರೆ ಇಲ್ಲದವರಿಗೆ ಗಟ್ಟಿ ಆಹಾರ 6 ಗಂಟೆ, ನೀರು 2 ಗಂಟೆ ಮುಂಚೆ ನಿಲ್ಲಿಸಿದರೆ ಸಾಕು ಎಂಬುದು ಅರಿವಳಿಕೆ ತಜ್ಞರ ಒಪ್ಪಿತ ನಿಯಮ. ಗಾಳಿ ಹೋಗುವವರೆಗೆ ಏನೂ ಕೊಡಬಾರದು ಎಂಬ ಪದ್ಧತಿ, ಮೂತ್ರದ ಕ್ಯಾತಿಟರ್ ದಿನಗಟ್ಟಲೆ ಬಿಡುವುದು, ಇವೂ ಸರದಿಯಲ್ಲಿರಲಿ.

ಹುಡುಕುವುದು, ಓದುವುದು

ಕೈಯಲ್ಲಿರುವ ಫೋನ್ ಸಾಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಗಳು, ಕಾಕ್ರೇನ್ ಸಂಸ್ಥೆ ಸರಳ ಭಾಷೆಯಲ್ಲಿ ಕೊಡುವ ಸಾರಾಂಶಗಳು ಉಚಿತವಾಗಿ ಸಿಗುತ್ತವೆ. ಇಬ್ಬಿಬ್ಬರು ಸೇರಿ ಒಂದೆರಡು ಪುಟ ಓದಿ, ಐದು ವಾಕ್ಯ ಕನ್ನಡದಲ್ಲಿ ಬರೆದು ತರಲಿ. ಇಂಗ್ಲಿಷ್ ನೋಡಿದರೆ ಹಿಂಜರಿಯುವ ಹಳಬರನ್ನೂ ಓದುವ ಹೊಸಬರನ್ನೂ ಜೋಡಿ ಮಾಡಿ. ಹುಡುಗಿ ಓದುತ್ತಾಳೆ, ಹಿರಿಯಕ್ಕ 'ಇದು ನಮ್ಮಲ್ಲಿ ನಡೆಯುತ್ತಾ' ಎಂದು ಕೇಳುತ್ತಾರೆ.

ಅವರ ಆ ಪ್ರಶ್ನೆಗೂ ಬೆಲೆ ಇದೆ. 1996ರಲ್ಲಿ ಡೇವಿಡ್ ಸ್ಯಾಕೆಟ್ ಮತ್ತು ಸಂಗಡಿಗರು ಪುರಾವೆ ಆಧಾರಿತ ವೈದ್ಯಕೀಯವನ್ನು ವಿವರಿಸಿದಾಗ ಸಂಶೋಧನೆಯ ಜೊತೆಗೆ ಅನುಭವವನ್ನೂ ರೋಗಿಯ ಇಷ್ಟವನ್ನೂ ಸೇರಿಸಿದ್ದರು. ಆದರೆ 'ನಾವು ಮೊದಲಿಂದ್ಲೂ ಹೀಗೇ ಮಾಡೋದು' ಎನ್ನುವುದು ಅನುಭವವಲ್ಲ, ರೂಢಿ. ಎರಡರ ವ್ಯತ್ಯಾಸವನ್ನು ಮುಲಾಜಿಲ್ಲದೆ ಹೇಳಿ.

ಡಾಕ್ಟರ್ ಒಪ್ಪಬೇಕಲ್ಲ?

ಒಪ್ಪಬೇಕು. ಸರ್ಜನ್, ಅರಿವಳಿಕೆ ವೈದ್ಯರ ಮುಂದೆ ಒಂದೇ ಹಾಳೆ ಇಡಿ: ಈಗ ಏನು ನಡೆಯುತ್ತಿದೆ, ಮಾರ್ಗಸೂಚಿ ಏನು ಹೇಳುತ್ತದೆ, ನಮಗೆ ಏನು ಬೇಕು. ಕ್ಲಿಪ್ಪರ್ ಬೇಕಿದ್ದರೆ ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಕೇಳಿ. ಜಗಳಕ್ಕೆ ಹೋಗುವುದಕ್ಕಿಂತ 'ಒಂದು ತಿಂಗಳು ನೋಡೋಣ ಸಾರ್' ಎಂದರೆ ಕೆಲಸ ಆಗುತ್ತದೆ.

ಆ ತಿಂಗಳ ಲೆಕ್ಕ ಇಡಲು ಗೆರೆ ಎಳೆದ ನೋಟ್‌ಬುಕ್ ಸಾಕು. ಎಷ್ಟು ಆಪರೇಷನ್, ಕೂದಲು ಹೇಗೆ ತೆಗೆದರು, 30 ದಿನದೊಳಗೆ ಗಾಯ ಕೀವಾಯಿತೆ? ಕೊನೆಯದಕ್ಕೆ ಫೋನ್ ಮಾಡಿ ಕೇಳಬೇಕು. ಕೇಸ್‌ಶೀಟಿನಲ್ಲಿ ಹೆಚ್ಚಾಗಿ ಗಂಡನ ನಂಬರ್ ಇರುತ್ತದೆ, ಅವನಿಗೆ ಗಾಯದ ಸುದ್ದಿ ಗೊತ್ತಿರುವುದಿಲ್ಲ. ಆಕೆಯದೇ ನಂಬರ್ ಅಥವಾ ಊರಿನ ಆಶಾ ಕಾರ್ಯಕರ್ತೆಯ ನಂಬರ್ ಬರೆದುಕೊಳ್ಳಿ.

ಮಾತಿನ ಅಭ್ಯಾಸ

ಇದಕ್ಕೆ ಹೆಚ್ಚು ಹೊತ್ತು ಕೊಡಿ. ಮೂವರ ಗುಂಪು: ಒಬ್ಬರು ರೋಗಿ, ಒಬ್ಬರು ಸಿಸ್ಟರ್, ಒಬ್ಬರು ಬರೀ ನೋಡುವವರು. ಸನ್ನಿವೇಶ ವಾರ್ಡಿನದೇ ಇರಲಿ. ಬಿಳಿ ಹೋಗುತ್ತಿದೆ ಎಂದು ಬಂದವಳ ಪರವಾಗಿ ಅತ್ತೆಯೇ ಉತ್ತರ ಕೊಡುತ್ತಿದ್ದಾರೆ. ಅತ್ತೆಗೆ ಬೇಸರವಾಗದಂತೆ ಸೊಸೆಯನ್ನು ಒಳಗೆ ಕರೆಯಬೇಕು. 'ಅಮ್ಮಾ, ನೀವು ಇಲ್ಲೇ ಬೆಂಚ್ ಮೇಲೆ ಕೂತಿರಿ, ಇವರ ಬಿಪಿ ನೋಡ್ಕೊಂಡು ಕರೀತೀನಿ' ಎಂಬಂಥ ಮಾತು ಬಾಯಿಪಾಠವಾಗಲಿ. ಒಪಿಡಿಯ ಮೇಜಿಗೆ ಕೇಳುವಂತೆ 'ಎಷ್ಟ್ ದಿನದಿಂದ ವಾಸನೆ ಬರ್ತಿದೆ?' ಎಂದು ಕೂಗಿದರೆ ಉತ್ತರ 'ಏನಿಲ್ಲ ಬಿಡಿ' ಎಂದೇ ಇರುತ್ತದೆ. ಮದುವೆಯಾಗದ ಹುಡುಗಿಯ ಬಳಿ ದೇಹಸಂಪರ್ಕದ ವಿಷಯ ಕೇಳುವ ಮೊದಲು 'ಔಷಧಿ ಸರಿಯಾಗಿ ಕೊಡೋಕೆ ಎಲ್ಲರನ್ನೂ ಇದನ್ನ ಕೇಳ್ತೀವಿ, ಹೊರಗೆ ಯಾರಿಗೂ ಹೇಳಲ್ಲ' ಎಂದು ಹೇಳಲು ಕಲಿಸಿ.

ಇನ್ನೊಂದು ಅಭ್ಯಾಸವನ್ನು ಬಿಡಲೇಬೇಡಿ. ಬಟ್ಟೆ ತೊಟ್ಟುಕೊಂಡೇ ಸರಿ, ಪ್ರತಿಯೊಬ್ಬ ಸಿಸ್ಟರ್ ಪರೀಕ್ಷೆಯ ಟೇಬಲ್ ಮೇಲೆ ಕಾಲೆತ್ತಿ ಎರಡು ನಿಮಿಷ ಮಲಗಲಿ. ಕಾಲು ಬಾಗಿಲ ಕಡೆಗಿದೆಯೆ, ಪರದೆ ಪೂರ್ತಿ ಮುಚ್ಚುತ್ತದೆಯೆ, ಯಾರು ಯಾರು ಒಳಗೆ ಬಂದು ಹೋಗುತ್ತಾರೆ ಎಂಬುದೆಲ್ಲ ಅಲ್ಲಿಂದ ಕಾಣುತ್ತದೆ. ಟೇಬಲ್ ತಿರುಗಿಸಿ ಹಾಕಲು ಬಜೆಟ್ ಬೇಕಿಲ್ಲ.

ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಗೆ ಬಂದವರ ಜೊತೆ ಏನು ಮಾತಾಡಬೇಕು ಎಂಬುದನ್ನೂ ಹೀಗೇ ಅಭ್ಯಾಸ ಮಾಡಿಸಿ. ನಮ್ಮ ದೇಶದ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದವರಿಗೆ 5 ವರ್ಷಕ್ಕೊಮ್ಮೆ ಈ ತಪಾಸಣೆ ಇದೆ. ಗರ್ಭಕೊರಳಿಗೆ ಅಸಿಟಿಕ್ ಆಸಿಡ್ ಹಚ್ಚಿ ಒಂದು ನಿಮಿಷ ಕಾಯಬೇಕು. ಆಸಿಡ್ ಎಂದ ಕೂಡಲೇ ಹೆಂಗಸು ಬೆಚ್ಚುತ್ತಾಳೆ, ಅಡುಗೆಗೆ ಹಾಕುವ ವಿನಿಗರ್‌ನಲ್ಲಿರುವುದೂ ಅದೇ ಎಂದು ಮೊದಲೇ ಹೇಳಿ. ಸ್ಪೆಕ್ಯುಲಮ್ ಕೈಗೆ ಕೊಟ್ಟು ತೋರಿಸಿ, 'ನೋವಾದ್ರೆ ಹೇಳಿ, ನಿಲ್ಲಿಸ್ತೀವಿ' ಎನ್ನಿ, ಹೇಳಿದಾಗ ನಿಲ್ಲಿಸಿ. ಬಿಳಿ ಮಚ್ಚೆ ಕಂಡರೆ ಅದು ಕ್ಯಾನ್ಸರ್ ಎಂದಲ್ಲ, ಮುಂದಿನ ಪರೀಕ್ಷೆ ಬೇಕು ಎಂದಷ್ಟೇ ಅರ್ಥ. ಅದನ್ನು ಹೇಳಿ 'ಅರ್ಥ ಆಯ್ತಾ?' ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಬದಲಿಗೆ 'ಮನೇಲಿ ಯಜಮಾನ್ರು ಕೇಳಿದ್ರೆ ಏನಂತ ಹೇಳ್ತೀರಿ?' ಎಂದು ಕೇಳಿ. ಉತ್ತರದಲ್ಲೇ ನಿಮ್ಮ ವಿವರಣೆಯ ತೂತು ಗೊತ್ತಾಗುತ್ತದೆ.

ಹೆಬ್ಬೆಟ್ಟಿಗೆ ಮುಂಚೆ

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಕೆಲಸ ಕೊನೆಗೆ ಸಿಸ್ಟರ್ ಪಾಲಿಗೇ ಬೀಳುತ್ತದೆ. ಅರಿವಳಿಕೆಯಲ್ಲಿದ್ದ ಮಹಿಳೆಯ ಗರ್ಭಕೋಶ ಮತ್ತು ಅಂಡಾಶಯಗಳನ್ನು ತಾಯಿಯ ಒಪ್ಪಿಗೆಯ ಮೇಲೆ ತೆಗೆದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಸ್ಪಷ್ಟಪಡಿಸಿತು: ಪ್ರಾಣಾಪಾಯವಿಲ್ಲದಿದ್ದರೆ ವಯಸ್ಕ ರೋಗಿಯ ಸ್ವಂತ ಒಪ್ಪಿಗೆಯೇ ಬೇಕು, ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್‌ಗೆ ಆಗದು. ಅಂದಮೇಲೆ ಗಂಡನ ಸಹಿ ಆಕೆಯದಕ್ಕೆ ಬದಲಿಯಲ್ಲ.

ಸಿಸ್ಟರ್‌ಗೆ ಕಲಿಸಬೇಕಾದ್ದು ನಾಲ್ಕು ಪ್ರಶ್ನೆ. ಏನು ತೆಗೀತಾರೆ? ಅಂಡಾಶಯ ಉಳಿಯುತ್ತಾ? ಆಮೇಲೆ ಮುಟ್ಟು ಬರುತ್ತಾ? ಮಾತ್ರೆ, ಹಾರ್ಮೋನ್ ವಂಕಿಯಂಥ ಬೇರೆ ದಾರಿ ಬಗ್ಗೆ ಡಾಕ್ಟರ್ ಹೇಳಿದ್ರಾ? ಆಕೆಗೆ ಹೇಳಲು ಬರದಿದ್ದರೆ ಇಂಕ್ ಪ್ಯಾಡ್ ಮುಚ್ಚಿ, ಡಾಕ್ಟರನ್ನು ಕರೆಯಿರಿ. 'ಮಕ್ಕಳಾಗಿವೆ, ತೆಗೆದ್ಬಿಡಿ ಸಿಸ್ಟರ್' ಎಂದು ತಾವಾಗಿಯೇ ಬರುವವರಿಗಂತೂ ಈ ಪ್ರಶ್ನೆಗಳು ಇನ್ನೂ ಮುಖ್ಯ. ಸಣ್ಣ ವಯಸ್ಸಿಗೇ ಅಂಡಾಶಯ ಹೋದರೆ ಮೂಳೆ ಸವೆಯುತ್ತದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಈ ತರಬೇತಿಗೆ ಆಯಾಗಳನ್ನೂ ಕೂರಿಸಿ. ಟೇಬಲ್ ಹತ್ತಿಸುವವರು, ಸೀರೆ ಸರಿಸಲು ಹೇಳುವವರು, ಗದರುವವರೂ ಹೆಚ್ಚಾಗಿ ಅವರೇ. ಮಧ್ಯಾಹ್ನ ಎರಡು ಗಂಟೆಗೆ, ಪಾಳಿ ಬದಲಾಗುವ ಹೊತ್ತಿಗೆ ಇಟ್ಟುಕೊಂಡರೆ ಎರಡೂ ಪಾಳಿಯವರು ಸಿಗುತ್ತಾರೆ. ರಾತ್ರಿ ಪಾಳಿಯವರಿಗೆ ಬೇರೆ ದಿನ ಗೊತ್ತು ಮಾಡಿ. ಡ್ಯೂಟಿ ಮುಗಿಸಿ ನಿದ್ದೆಗಣ್ಣಲ್ಲಿರುವವರನ್ನು ಹಿಡಿದು ಕೂರಿಸಬೇಡಿ.