ಮಗನ ಜೊತೆ ಆರ್ಲ್ಯಾಂಡೊ ಪ್ರವಾಸ, ನನಗೆ ಊಟದ್ದೇ ಚಿಂತೆ

ಪ್ರಶ್ನೆ: ನನಗೆ 64, ನಮ್ಮ ಯಜಮಾನರಿಗೆ 70. ಹಾಸನದಲ್ಲಿದ್ದೇವೆ. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಅಮೆರಿಕದ ಅಟ್ಲಾಂಟಾದಲ್ಲಿದ್ದಾರೆ. ಈ ಡಿಸೆಂಬರಿನಲ್ಲಿ ನಾವು ಅಲ್ಲಿಗೆ ಹೋದಾಗ, ಕ್ರಿಸ್‌ಮಸ್ ರಜೆಗೆ ಎಲ್ಲರೂ ಸೇರಿ ಫ್ಲೋರಿಡಾದ ಆರ್ಲ್ಯಾಂಡೊಗೆ ಹೋಗಿ ಡಿಸ್ನಿ ವರ್ಲ್ಡ್ ನೋಡುವುದೆಂದು ಮಗ ತೀರ್ಮಾನಿಸಿದ್ದಾನೆ. ಎರಡು ಸಂಜೆ ಡಿಸ್ನಿ ಸ್ಪ್ರಿಂಗ್ಸ್ ಎಂಬ ಕಡೆ ಸುತ್ತಾಟವಂತೆ. "ನೂರಕ್ಕಿಂತ ಜಾಸ್ತಿ ಅಂಗಡಿ, ಹೋಟೆಲ್ ಇವೆ, ಊಟದ ಚಿಂತೆ ಬಿಡಮ್ಮ" ಅನ್ನುತ್ತಾನೆ. ನನಗಿರುವುದೇ ಆ ಚಿಂತೆ. ನಾವು ಮೊಟ್ಟೆಯನ್ನೂ ಮುಟ್ಟುವವರಲ್ಲ. ಯಜಮಾನರಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಊಟ ಆಗಬೇಕು. ಹೋದ ಸಲ ಅಲ್ಲಿನ ಒಂದು ದೊಡ್ಡ ಮಾಲ್‌ನಲ್ಲಿ ಎಷ್ಟು ಸುತ್ತಿದರೂ ನಮಗಾಗುವಂಥದ್ದು ಕಾಣಲಿಲ್ಲ. "ನಮಗೆ ಹಸಿವಿಲ್ಲ, ನೀವು ತಿನ್ನಿ" ಅಂದು ಕೂತೆವು. ಆಮೇಲೆ ಇವರು ಬೆವೆತು, ಕೈ ನಡುಗಿ, ಮಾತು ತೊದಲಿ ಎಲ್ಲರಿಗೂ ಗಾಬರಿ. ಸೊಸೆ ಅತ್ತುಬಿಟ್ಟಳು. "ಮೊದಲೇ ಹೇಳಬಾರದಿತ್ತಾ ಅತ್ತೆ" ಅಂದಳು. ಅಂದಿನಿಂದ ನಮ್ಮಿಬ್ಬರ ನಡುವೆ ಏನೋ ಒಂಥರಾ. ಈ ಸಲ "ನೀವೇ ಹೋಗಿ ಬನ್ನಿ, ನಾವು ಮನೆಯಲ್ಲೇ ಇರುತ್ತೇವೆ" ಅಂದುಬಿಡಲೇ?
– ಹೆಸರು ಬೇಡ, ಹಾಸನ

ಉತ್ತರ: ಅನ್ನಬೇಡಿ ಅಮ್ಮ, ಹೋಗಿ ಬನ್ನಿ. ಅಷ್ಟು ದೂರ ಹೋಗಿ, ಮೊಮ್ಮಕ್ಕಳು ಕುಣಿದಾಡುವ ವಾರದಲ್ಲಿ ನೀವಿಬ್ಬರೂ ಬಾಗಿಲು ಹಾಕಿಕೊಂಡು ಕೂತರೆ ಆ ಪ್ರವಾಸದಲ್ಲಿ ಯಾರಿಗೂ ಸುಖವಿಲ್ಲ.

ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಅಂದು ಮಾಲ್‌ನಲ್ಲಿ ಯಜಮಾನರು ಸುಸ್ತಾದದ್ದಕ್ಕೆ ಸಸ್ಯಾಹಾರ ಸಿಗದ್ದು ಅರ್ಧ ಕಾರಣವಷ್ಟೇ. ಇನ್ನರ್ಧ, ಹಸಿವಿದ್ದೂ ಹಸಿವಿಲ್ಲ ಅಂದದ್ದು. ನಮ್ಮ ಕಡೆ ಹಾಗನ್ನುವುದು ಸೌಜನ್ಯ. ಎದುರಿಗಿದ್ದವರು ಮೂರು ಸಲ ಬಲವಂತ ಮಾಡುತ್ತಾರೆ, ಕೊನೆಗೆ "ಆಯ್ತು, ಸ್ವಲ್ಪ ಬಡಿಸಿ" ಅನ್ನುತ್ತೇವೆ. ಇಬ್ಬರು ಮಕ್ಕಳನ್ನು ಸಂಭಾಳಿಸುತ್ತಾ, ಜಂಗುಳಿಯಲ್ಲಿ ಟ್ರೇ ಹಿಡಿದು ನಿಂತ ಸೊಸೆಗೆ ಆ ಮೂರು ಸಲಕ್ಕೆ ಪುರುಸೊತ್ತು ಎಲ್ಲಿರುತ್ತದೆ? ನೀವಂದದ್ದನ್ನು ಅವಳು ನಂಬಿದಳು. ಅವಳ ಅಳುವಿನಲ್ಲಿ ನನಗೆ ಕಾಣುವುದು ಭಯ. "ಮಾವನವರಿಗೆ ಏನಾದರೂ ಆಗಿದ್ದರೆ" ಎಂಬ ಭಯ, ತಾನು ನೋಡಿಕೊಳ್ಳಲಿಲ್ಲವಲ್ಲ ಎಂಬ ಸಂಕಟ. ಅವಳ ಆ ಮಾತನ್ನು ನೀವು ಆಕ್ಷೇಪಣೆಯೆಂದು ಇಷ್ಟು ದಿನ ಮನಸ್ಸಿನಲ್ಲಿ ಹೊತ್ತಿದ್ದೀರಿ. ಅದು ಕೇಳಿಕೆ. ಮುಂದಿನ ಸಲ ಹೇಳಿ ಎಂಬ ಕೇಳಿಕೆ.

ಊಟದ ವಿಚಾರಕ್ಕಿಂತ ಮೊದಲು ಯಜಮಾನರ ಆರೋಗ್ಯ. ಬೆವರು, ನಡುಕ, ಮಾತು ತೊದಲುವುದು ಇವೆಲ್ಲ ರಕ್ತದಲ್ಲಿ ಸಕ್ಕರೆ ತೀರಾ ಇಳಿದಾಗಿನ ಲಕ್ಷಣಗಳು. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಊಟ ತಪ್ಪಿಸಿದರೆ, ಜೊತೆಗೆ ಗಂಟೆಗಟ್ಟಲೆ ನಡೆದರೆ ಹೀಗಾಗುತ್ತದೆ. ಹೊರಡುವ ಮೊದಲು ನಿಮ್ಮ ವೈದ್ಯರನ್ನು ಕಂಡು, ಅಲ್ಲಿನ ಹೊತ್ತಿಗೆ ತಕ್ಕಂತೆ ಔಷಧಿ ಯಾವಾಗ, ಜಾಸ್ತಿ ನಡೆಯುವ ದಿನ ಏನು ಮಾಡಬೇಕು ಎಂದು ಬರೆಸಿಕೊಳ್ಳಿ. ಗ್ಲುಕೋಮೀಟರ್, ಔಷಧಿ, ಚೀಟಿ ಮೂರೂ ಕೈಚೀಲದಲ್ಲೇ ಇರಲಿ. ಅವರ ಜೇಬಿನಲ್ಲಿ ಗ್ಲುಕೋಸ್ ಮಾತ್ರೆ ಸದಾ ಇರಬೇಕು. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ 15 ಗ್ರಾಂ ಸಕ್ಕರೆ, ಅಂದರೆ ಮೂರು ನಾಲ್ಕು ಗ್ಲುಕೋಸ್ ಮಾತ್ರೆ ಅಥವಾ ಅರ್ಧ ಲೋಟ ಹಣ್ಣಿನ ರಸ, ಕೊಟ್ಟು 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಬೇಕು. ಇದು ನಿಮಗೆ ಮಾತ್ರ ಗೊತ್ತಿದ್ದರೆ ಸಾಲದು. ಮಗ, ಸೊಸೆ, ತಿಳಿವಳಿಕೆ ಬಂದ ಮೊಮ್ಮಗುವಿಗೂ ಹೇಳಿಕೊಡಿ.

ಇನ್ನು ಆ ಜಾಗ. ಡಿಸ್ನಿ ಸ್ಪ್ರಿಂಗ್ಸ್ ಅಂದರೆ ಡಿಸ್ನಿ ವರ್ಲ್ಡ್‌ಗೆ ಸೇರಿದ, ಕೆರೆಯ ದಡದಲ್ಲಿರುವ ದೊಡ್ಡ ಪೇಟೆ. 1975ರಲ್ಲಿ ಸಣ್ಣ ಶಾಪಿಂಗ್ ವಿಲೇಜ್ ಆಗಿ ಶುರುವಾದದ್ದು ಹಲವು ಸಲ ಹೆಸರು ಬದಲಿಸಿ, 2015ರಿಂದ ಈ ಹೆಸರಿನಲ್ಲಿದೆ. ಒಳಗೆ ಹೋಗಲು ಟಿಕೆಟ್ ಇಲ್ಲ, ಕಾರು ನಿಲ್ಲಿಸಲು ದುಡ್ಡಿಲ್ಲ. ಮಾರ್ಕೆಟ್‌ಪ್ಲೇಸ್, ಲ್ಯಾಂಡಿಂಗ್, ಟೌನ್ ಸೆಂಟರ್, ವೆಸ್ಟ್ ಸೈಡ್ ಎಂದು ನಾಲ್ಕು ಭಾಗ. ಒಂದು ತುದಿಯಿಂದ ಇನ್ನೊಂದು ತುದಿಗೆ ನಿಮ್ಮ ನಡಿಗೆಯಲ್ಲಿ ಇಪ್ಪತ್ತು ನಿಮಿಷವಾದರೂ ಬೇಕು, ಕ್ರಿಸ್‌ಮಸ್ ಜನಸಂದಣಿಯಲ್ಲಿ ಇನ್ನೂ ಜಾಸ್ತಿ. ಹೀಗಾಗಿ "ಹೋಗಿ ನೋಡೋಣ, ಎಲ್ಲಾದರೂ ತಿನ್ನೋಣ" ಎಂಬ ಮಾತು ಈ ಜಾಗಕ್ಕೆ ನಡೆಯುವುದಿಲ್ಲ. ಹಸಿದು ಹೋಟೆಲ್ ಹುಡುಕುವುದು ಬೇರೆ, ಹೋಟೆಲ್ ಗೊತ್ತುಮಾಡಿಕೊಂಡು ಹಸಿಯುವುದು ಬೇರೆ. ನಿಮಗೆ ಬೇಕಾದದ್ದು ಎರಡನೆಯದು.

ನಿಮ್ಮಂಥವರಿಗೆ ನಾನು ಮೊದಲು ಹೇಳುವುದು ಟೌನ್ ಸೆಂಟರ್‌ನಲ್ಲಿರುವ ಬ್ಲೇಜ್ ಪಿಜ್ಜಾ. ಅಲ್ಲಿ ಮೆನು ಓದಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಗಾಜಿನ ಕೌಂಟರಿನ ಆಚೆ ನಿಂತ ಹುಡುಗ ನಿಮ್ಮ ಕಣ್ಣೆದುರೇ ಹಿಟ್ಟಿನ ಹಾಳೆ ಇಟ್ಟು, ನೀವು ಬೊಟ್ಟುಮಾಡಿದ್ದನ್ನಷ್ಟೇ ಹಾಕುತ್ತಾನೆ. ಟೊಮೆಟೊ ಸಾಸ್, ಚೀಸ್, ಈರುಳ್ಳಿ, ದಪ್ಪ ಮೆಣಸಿನಕಾಯಿ, ಅಣಬೆ, ಖಾರ ಬೇಕಿದ್ದರೆ ಹಲಪೆನ್ಯೊ. ಮಾಂಸದ ತಟ್ಟೆಗಳೂ ಅದೇ ಸಾಲಿನಲ್ಲಿರುತ್ತವೆ, ಆದ್ದರಿಂದ ಶುರುವಿಗೇ "ಗ್ಲೌಸ್ ಬದಲಿಸಿ" ಅಂತ ಮಗನ ಕೈಲಿ ಹೇಳಿಸಿ. ಅದನ್ನು ಕೇಳುವುದಕ್ಕೆ ಸಂಕೋಚ ಬೇಡ, ಅಲರ್ಜಿ ಇರುವವರು ದಿನವೂ ಕೇಳುತ್ತಾರೆ. ಕೆಲವೇ ನಿಮಿಷದಲ್ಲಿ ಬೆಂದು ಕೈಗೆ ಬರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಮೈದಾ ಅಷ್ಟು ಹಿತವಲ್ಲ ನಿಜ, ಅದಕ್ಕೇ ತೆಳು ಪಿಜ್ಜಾ ಒಂದನ್ನು ಇಬ್ಬರೂ ಹಂಚಿಕೊಂಡು ಜೊತೆಗೆ ಸಲಾಡ್ ತೆಗೆದುಕೊಳ್ಳಿ.

ಮಾರ್ಕೆಟ್‌ಪ್ಲೇಸ್ ಕಡೆ ಭಾರತ ಮೂಲದ ಬಾಣಸಿಗಿತ್ತಿ ಮನೀತ್ ಚೌಹಾಣ್ ಅವರ 'ಈಟ್' 2023ರಲ್ಲಿ ಶುರುವಾಯಿತು. ನಮ್ಮ ಮಸಾಲೆ, ಅಮೆರಿಕದ ತಿಂಡಿಯ ರೂಪ. ಅನ್ನ ಸಾರಿನ ಆಸೆ ಇಟ್ಟುಕೊಂಡು ಹೋಗಬೇಡಿ, ಆದರೆ ನಾಲಿಗೆಗೆ ಪರಿಚಯದ ರುಚಿ ಸಿಗುತ್ತದೆ. ನಾನ್‌ನಲ್ಲಿ ಮೊಟ್ಟೆ ಇದೆಯೇ ಎಂದು ಕೇಳಿಯೇ ತಿನ್ನಿ. ಬೇಕರಿಯ ವಿಷಯಕ್ಕೆ ಬಂದರೆ, ಅಲ್ಲಿನ ಕೇಕು ಕುಕೀಗಳಲ್ಲಿ ಬಹುಪಾಲು ಮೊಟ್ಟೆ ಇರುವಂಥವೇ. ಗಿಡಿಯನ್ಸ್ ಬೇಕ್‌ಹೌಸ್ ಎಂಬ ಅಂಗಡಿಯ ಮುಂದೆ ಉದ್ದುದ್ದ ಸಾಲು ಕಾಣುತ್ತೀರಿ, ಮಕ್ಕಳು ನಿಲ್ಲಲಿ, ನೀವು ಕಾಲು ನೋಯಿಸಿಕೊಳ್ಳಬೇಡಿ. ಲ್ಯಾಂಡಿಂಗ್ ಭಾಗದ ಎರಿನ್ ಮೆಕೆನ್ನಾಸ್ ಬೇಕರಿಯಲ್ಲಿ ಮಾತ್ರ ಯಾವುದಕ್ಕೂ ಮೊಟ್ಟೆ, ಹಾಲು, ಬೆಣ್ಣೆ ಏನೂ ಬೀಳುವುದಿಲ್ಲ. ನಿಶ್ಚಿಂತೆಯಿಂದ ಒಂದು ತುಂಡು ತಿನ್ನಬಹುದಾದ ಜಾಗ ಅದು.

ಮೊಮ್ಮಕ್ಕಳು ಟಿ-ರೆಕ್ಸ್ ಕೆಫೆಗೆ ಹಟ ಹಿಡಿಯುತ್ತಾರೆ, ಇದನ್ನು ಈಗಲೇ ಹೇಳಿಬಿಡುತ್ತೇನೆ. ಊಟದ ಮೇಜಿನ ಸುತ್ತ ಅಲುಗಾಡುವ ಡೈನೋಸಾರ್‌ಗಳು, ಆಗಾಗ ಉಲ್ಕೆ ಬಿದ್ದಂತೆ ಬೆಳಕು, ಗುಡುಗು. ಮಕ್ಕಳಿಗೆ ಹಬ್ಬ. ನಿಮಗೆ ಪಕ್ಕದವರ ಮಾತು ಕೇಳಿಸದು. ಅಲ್ಲಿಗೆ ಹೊಟ್ಟೆ ತುಂಬಿಸಿಕೊಳ್ಳಲು ಹೋಗಬೇಡಿ, ಅವರ ಸಂತೋಷ ನೋಡಲು ಹೋಗಿ. ನಿಮ್ಮ ಊಟ ಅಷ್ಟರಲ್ಲಿ ಆಗಿರಲಿ.

ಹೋಟೆಲಿನವರ ಹತ್ತಿರ ಹೇಗೆ ಕೇಳುವುದು ಎಂಬುದು ಮುಖ್ಯ. ಬರೀ "ವೆಜಿಟೇರಿಯನ್" ಅಂದರೆ ಅಲ್ಲಿ ಮೊಟ್ಟೆ ಸೇರಿಸಿಯೇ ಲೆಕ್ಕ. ಮೆನುವಿನಲ್ಲಿ ಹಸಿರು ಎಲೆಯ ಗುರುತಿದ್ದರೆ ಅದು ಪ್ಲಾಂಟ್-ಬೇಸ್ಡ್, ಅಂದರೆ ಮಾಂಸ, ಮೊಟ್ಟೆ, ಹಾಲು ಯಾವುದೂ ಹಾಕದ್ದು. ಡಿಸ್ನಿ 2019ರಿಂದ ಈ ಗುರುತು ಬಳಸುತ್ತಿದೆ. ಆದರೆ ಡಿಸ್ನಿ ಸ್ಪ್ರಿಂಗ್ಸ್‌ನ ಎಷ್ಟೋ ಹೋಟೆಲುಗಳನ್ನು ಬೇರೆ ಕಂಪನಿಗಳು ನಡೆಸುವುದರಿಂದ ಎಲ್ಲ ಕಡೆ ಅದೇ ಗುರುತು ಕಾಣಲಿಕ್ಕಿಲ್ಲ. ಹೀಗೆ ಹೇಳಿ: "ನೋ ಮೀಟ್, ನೋ ಚಿಕನ್, ನೋ ಫಿಶ್, ನೋ ಎಗ್. ಮಿಲ್ಕ್, ಚೀಸ್ ಓಕೆ." ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ತೋರಿಸಿದರೂ ಆದೀತು. ಕಣ್ಣಿಗೆ ಕಾಣದೆ ಬೆರೆತಿರುವಂಥವೂ ಇವೆ. ತರಕಾರಿ ಸೂಪಿಗೆ, ಅನ್ನಕ್ಕೆ ಕೋಳಿ ಬೇಯಿಸಿದ ನೀರು ಹಾಕಿರಬಹುದು. ಮೆಕ್ಸಿಕನ್ ಹೋಟೆಲಿನ ಅರೆದ ಬೀನ್ಸ್ ಕಾಳಿಗೆ ಹಂದಿ ಕೊಬ್ಬು ಹಾಕುವ ರೂಢಿಯಿದೆ. ಸೀಸರ್ ಸಲಾಡಿನ ಸಾಸಿನಲ್ಲಿ ಮೀನು, ಏಷ್ಯಾದ ಅಡುಗೆಗಳಲ್ಲಿ ಫಿಶ್ ಸಾಸ್. ಇನ್ನೊಂದು ಮಾತು: ಇಂಪಾಸಿಬಲ್ ಬರ್ಗರ್ ಎಂಬುದು ಪೂರ್ತಿ ಸಸ್ಯದಿಂದಲೇ ಮಾಡಿದ್ದು, ಆದರೆ ಮಾಂಸದ ಬಣ್ಣ, ಮಾಂಸದ ವಾಸನೆ ಬರುವಂತೆ ಬೇಕೆಂತಲೇ ಮಾಡಿದ್ದು. ಹುಟ್ಟಾ ತಿನ್ನದವರಿಗೆ ಒಂದು ತುತ್ತಿಗೇ ಹೊಟ್ಟೆ ತೊಳಸಬಹುದು. ಮಗ ಪ್ರೀತಿಯಿಂದ ತಂದುಕೊಟ್ಟು, ನೀವು ಮುಖ ಕಿವುಚಿ, ಅವನಿಗೆ ಬೇಸರವಾಗುವುದು ಬೇಡ. ಬೇಳೆಕಾಳು ಅಥವಾ ತರಕಾರಿಯಿಂದ ಮಾಡಿದ ಪ್ಯಾಟಿ ಇದೆಯೇ ಎಂದು ವಿಚಾರಿಸಲಿ.

ಇದಕ್ಕೂ ಮೊದಲು ನೀವಿಬ್ಬರೇ ಮನೆಯಲ್ಲಿ ಕೂತು ಇತ್ಯರ್ಥ ಮಾಡಿಕೊಳ್ಳಬೇಕಾದ ಸಂಗತಿ ಒಂದಿದೆ. ತಟ್ಟೆಯಲ್ಲಿ ಮಾಂಸ ಮೊಟ್ಟೆ ಇಲ್ಲದಿದ್ದರೆ ಸಾಕೇ, ಅಥವಾ ಕೋಳಿ ಕರಿದ ಎಣ್ಣೆಯಲ್ಲೇ ಆಲೂಗಡ್ಡೆ ಕರಿದಿದ್ದರೂ ಆಗುವುದಿಲ್ಲವೇ? ಎರಡೂ ಗೌರವದ ನಿಲುವುಗಳೇ, ಯಾರ ಮುಂದೂ ಸಮರ್ಥಿಸಿಕೊಳ್ಳಬೇಕಿಲ್ಲ. ಆದರೆ ಮೇಜಿನ ಮುಂದೆ, ತಟ್ಟೆ ಬಂದ ಮೇಲೆ ಅದನ್ನು ಹೇಳಿದರೆ ಎಲ್ಲರಿಗೂ ಕಷ್ಟ. ಗಂಡ ಹೆಂಡಿರಲ್ಲೇ ಗೆರೆ ಬೇರೆಬೇರೆ ಇರುವುದುಂಟು. ಅದೇ ಎಣ್ಣೆ, ಅದೇ ಕಾವಲಿ ಆಗುವುದಿಲ್ಲ ಎಂದಾದರೆ ಡಿಸ್ನಿ ಸ್ಪ್ರಿಂಗ್ಸ್‌ನಲ್ಲಿ ಊಟದ ಆಸೆ ಬಿಟ್ಟು, ಎರಿನ್ ಮೆಕೆನ್ನಾಸ್ ಬೇಕರಿ, ಹಣ್ಣು, ಕಾಫಿಗೆ ನಿಲ್ಲಿಸಿ. ಆರ್ಲ್ಯಾಂಡೊದ ಸೌತ್ ಆರೆಂಜ್ ಬ್ಲಾಸಮ್ ಟ್ರೇಲ್ ರಸ್ತೆಯಲ್ಲಿ ವುಡ್‌ಲ್ಯಾಂಡ್ಸ್ ಎಂಬ ಶುದ್ಧ ಸಸ್ಯಾಹಾರಿ ದಕ್ಷಿಣ ಭಾರತದ ಹೋಟೆಲ್ ಇದೆ, ಕಾರಿನಲ್ಲಿ ಸುಮಾರು ಅರ್ಧ ಗಂಟೆ. ಒಂದು ದಿನ ಅಲ್ಲಿ ದೋಸೆ ತಿಂದು ಬನ್ನಿ. ಮೊಮ್ಮಕ್ಕಳಿಗೂ ಖುಷಿಯಾದೀತು.

ಉಳಿದುಕೊಳ್ಳಲು ಅಡುಗೆಮನೆ ಇರುವ ಮನೆಯನ್ನೇ ಹಿಡಿಯಲು ಮಗನಿಗೆ ಹೇಳಿ. ಪಕ್ಕದ ಕಿಸಿಮ್ಮಿಯಲ್ಲಿ ರಜೆಗೆಂದು ಬಾಡಿಗೆಗೆ ಕೊಡುವ ಅಂಥ ಮನೆಗಳು ಬೇಕಾದಷ್ಟಿವೆ. ಅಟ್ಲಾಂಟಾದಿಂದ ಕಾರಿನಲ್ಲೇ ಹೊರಟರೆ ಕುಕ್ಕರ್, ಚಟ್ನಿಪುಡಿ, ಗೊಜ್ಜು ಡಿಕ್ಕಿಯಲ್ಲಿ ಹಿಡಿಸುತ್ತವೆ. ಬೆಳಿಗ್ಗೆ ಉಪ್ಪಿಟ್ಟು ತಿಂದು, ಡಬ್ಬಿಗೆ ಮೊಸರನ್ನ ಹಾಕಿಕೊಂಡು ಹೊರಟರೆ ದಿನದ ಮುಕ್ಕಾಲು ಚಿಂತೆ ಕಳೆಯಿತು. ಮೊಸರು ಕೊಳ್ಳುವಾಗ ಡಬ್ಬಿಯ ಮೇಲೆ ಜೆಲಾಟಿನ್ ಎಂದಿದೆಯೇ ನೋಡಿ, ಅದು ಪ್ರಾಣಿಮೂಲದ್ದು. ಡಿಸ್ನಿಯ ಥೀಮ್ ಪಾರ್ಕುಗಳೊಳಕ್ಕೆ ಮನೆಯೂಟ ಒಯ್ಯಲು ಬಿಡುತ್ತಾರೆ, ಗಾಜಿನ ಡಬ್ಬಿ ಮಾತ್ರ ಕೂಡದು. ಡಿಸ್ನಿ ಸ್ಪ್ರಿಂಗ್ಸ್‌ನ ಬೆಂಚಿನ ಮೇಲೆ ಕೂತು ಯಜಮಾನರು ಹೊತ್ತಿಗೆ ಸರಿಯಾಗಿ ಡಬ್ಬಿ ಬಿಚ್ಚಿದರೆ ಯಾರೂ ತಿರುಗಿ ನೋಡುವುದಿಲ್ಲ.

ಹೊತ್ತಿನ ಬಗ್ಗೆ ಹಟ ಹಿಡಿಯಿರಿ. ಮಧ್ಯಾಹ್ನ ಹನ್ನೊಂದೂವರೆಗೆ, ಸಂಜೆ ಐದಕ್ಕೆ ಕೂತರೆ ಜಾಗ ಸುಲಭವಾಗಿ ಸಿಗುತ್ತದೆ. ಆರರ ಮೇಲೆ ಎಲ್ಲೆಡೆ ಕಾಯುವುದೇ. ಕೂತು ಉಣ್ಣುವ ಹೋಟೆಲಿಗೆ 60 ದಿನ ಮುಂಚಿನಿಂದ ಮೇಜು ಕಾದಿರಿಸಬಹುದು. ನಿಮ್ಮದು ಆರು ಜನರ ಗುಂಪು, ಹಾಗಾಗಿ ಬಿಲ್ಲಿನಲ್ಲೇ ಶೇಕಡಾ 18 ಟಿಪ್ಸ್ ಸೇರಿರುವ ಸಾಧ್ಯತೆ ಹೆಚ್ಚು, ಮಗ ನೋಡಿಯೇ ಕೊಡಲಿ. ತಟ್ಟೆಗಳು ದೊಡ್ಡವು, ಇಬ್ಬರಿಗೆ ಒಂದು ಹೇಳಿ. ಹಾಂ, ಡಾಲರನ್ನು ರೂಪಾಯಿಗೆ ಗುಣಿಸಿ "ಇಷ್ಟು ದುಡ್ಡಿಗೆ ಒಂದು ತಟ್ಟೆ ಅನ್ನವೇ" ಎಂದು ಬೇಡವೆನ್ನುವ ಅಭ್ಯಾಸ ನಮ್ಮ ಅಪ್ಪ ಅಮ್ಮಂದಿರಲ್ಲಿ ತುಂಬ ನೋಡಿದ್ದೇನೆ. ನೀವು ಅರ್ಧ ಹೊಟ್ಟೆಯಲ್ಲಿ ಎದ್ದರೆ ಮಗನಿಗೆ ಆ ದುಡ್ಡು ಉಳಿದ ಸಮಾಧಾನ ಖಂಡಿತ ಸಿಗುವುದಿಲ್ಲ.

ಇಷ್ಟೆಲ್ಲವನ್ನೂ ಒಬ್ಬರೇ ಹೊತ್ತುಕೊಳ್ಳಬೇಡಿ. ಈ ಭಾನುವಾರ ಸೊಸೆಗೆ ಫೋನ್ ಮಾಡಿ, ಮಗನಿಗಲ್ಲ. "ಹೋದ ಸಲ ನಾನು ಹೇಳದೆ ನಿನಗೆ ಗಾಬರಿ ಮಾಡಿದೆ ಕಣಮ್ಮ, ಈ ಸಲ ಮೊದಲೇ ಕೂತು ನೋಡಿಬಿಡೋಣ" ಅನ್ನಿ. ಈ ಹೋಟೆಲುಗಳ ಮೆನು ಫೋನಿನಲ್ಲೇ ಸಿಗುತ್ತದೆ, ಅವಳು ಓದಲಿ, ನೀವು ಆಗುತ್ತೆ, ಆಗಲ್ಲ ಅನ್ನಿ. ಮೆನು ಬದಲಾಗುತ್ತಿರುತ್ತದೆ, ಹೋಟೆಲೂ ಬದಲಾಗಬಹುದು, ಹೊರಡುವ ವಾರ ಇನ್ನೊಮ್ಮೆ ನೋಡಿಕೊಳ್ಳಿ. ಅವಳಿಗೆ ಕೆಲಸ ಹಚ್ಚಿದೆನಲ್ಲ ಅಂದುಕೊಳ್ಳಬೇಡಿ, ಅವಳು ಅಂದು ಕೇಳಿದ್ದು ಇದನ್ನೇ. ಡಿಸೆಂಬರ್ 24ರ ಸಂಜೆಗೆ ಮೇಜು ಬೇಕಿದ್ದರೆ ಅಕ್ಟೋಬರ್ 25ಕ್ಕೆ ಬುಕಿಂಗ್ ತೆರೆಯುತ್ತದೆ. ಎಲ್ಲಿ ಎಂಬುದನ್ನು ಅತ್ತೆ ಸೊಸೆ ಅಷ್ಟರೊಳಗೆ ತೀರ್ಮಾನಿಸಿ, ಬುಕ್ ಮಾಡುವ ಕೆಲಸ ಮಗನಿಗೆ ಬಿಡಿ.