‘ಟು ಬಿ’ ಕಂಡ ಕಡೆ ಸ್ವಲ್ಪ ನಿಂತು ಓದು

ದಾಬಸ್‌ಪೇಟೆಯ ಫ್ಯಾಕ್ಟರಿಯಲ್ಲಿ ಡಿಸ್ಪ್ಯಾಚ್ ಸೆಕ್ಷನ್ನಿಗೆ ಸೇರಿದ್ದೀಯ, ಬಹಳ ಸಂತೋಷ ಕಣಮ್ಮ. ತ್ಯಾಮಗೊಂಡ್ಲಿನಲ್ಲಿ ಕನ್ನಡ ಮೀಡಿಯಂ ಓದಿದವಳು ನೀನು. ಇನ್ನು ಮೇಲೆ ದಿನವಿಡೀ ಇಂಗ್ಲಿಷ್ ಮೇಲ್ ಓದಬೇಕು, ಉತ್ತರ ಬರೆಯಬೇಕು. ಉಚ್ಚಾರಣೆ ಸರಿಯಿಲ್ಲ ಎಂದು ಕೊರಗುತ್ತೀಯಂತೆ, ನಿಮ್ಮಮ್ಮ ಹೇಳಿದಳು. ಬಿಡು, ಅದು ಕಿವಿಗೆ ಬಿದ್ದು ಬಿದ್ದು ತಾನಾಗಿ ತಿದ್ದಿಕೊಳ್ಳುತ್ತದೆ. ಮಾವನಾಗಿ ನಾನು ಹೇಳುವುದು ಕಾಗದದ ಮೇಲಿನ ಇಂಗ್ಲಿಷ್ ಬಗ್ಗೆ. ಅದರಲ್ಲೂ ‘ಟು ಬಿ’ ಎಂದು ಶುರುವಾಗುವ ತುಣುಕುಗಳ ಬಗ್ಗೆ.

ಎಸ್ಸೆಸ್ಸೆಲ್ಸಿಯಲ್ಲಿ ಪ್ಯಾಸಿವ್ ವಾಯ್ಸ್ ಕಲಿತಿದ್ದೀಯ. ಕರ್ತೃವನ್ನು ಹಿಂದಕ್ಕೆ ಹಾಕು, ಕರ್ಮವನ್ನು ಮುಂದಕ್ಕೆ ತಾ, ಕ್ರಿಯಾಪದದ ಮೂರನೇ ರೂಪ ಬರೆ, ಅಂಕ ಸಿಕ್ಕಿತು. ಆದರೆ ಆಫೀಸಿನಲ್ಲಿ ಅಂಥ ಪೂರ್ತಿ ವಾಕ್ಯಕ್ಕಿಂತ ಹೆಚ್ಚಾಗಿ ನಿನ್ನ ಕಣ್ಣಿಗೆ ಬೀಳುವುದು ತುಂಡು ಮಾತು. ‘ಟು ಬಿ ಫಿಲ್ಡ್’, ‘ಟು ಬಿ ಸೈನ್ಡ್’, ‘ಟು ಬಿ ಪೇಯ್ಡ್’. ಮುಂದೆ ‘ಈಸ್’ ಇಲ್ಲ, ‘ಆರ್’ ಇಲ್ಲ, ಹಿಂದೆ ‘ಬೈ’ ಇಲ್ಲ. ಮಾಡುವವರು ಯಾರು ಎಂಬುದು ಅಲ್ಲಿ ಬರೆದಿರುವುದಿಲ್ಲ, ಓದುವವರೇ ಊಹಿಸಿಕೊಳ್ಳಬೇಕು.

ನಿಮ್ಮಮ್ಮನಿಗೆ ಡಾಕ್ಟರು ಬರೆದುಕೊಟ್ಟ ಮಾತ್ರೆಯ ಶೀಟನ್ನು ತಿರುಗಿಸಿ ನೋಡು. ಆಂಟಿಬಯೋಟಿಕ್ ಇದ್ದರೆ ಸಣ್ಣ ಅಕ್ಷರದಲ್ಲಿ ಈ ಸಾಲು ಸಿಗುತ್ತದೆ: ‘ನಾಟ್ ಟು ಬಿ ಸೋಲ್ಡ್ ಬೈ ರೀಟೇಲ್ ವಿದೌಟ್ ದಿ ಪ್ರಿಸ್ಕ್ರಿಪ್ಷನ್ ಆಫ್ ಎ ರಿಜಿಸ್ಟರ್ಡ್ ಮೆಡಿಕಲ್ ಪ್ರಾಕ್ಟೀಷನರ್.’ 1945ರ ಔಷಧ ನಿಯಮಗಳಲ್ಲಿ ಶೆಡ್ಯೂಲ್ ಎಚ್ ಎಂಬ ಪಟ್ಟಿ ಇದೆ. ಆ ಪಟ್ಟಿಯ ಔಷಧಗಳ ಮೇಲೆ ಈ ಎಚ್ಚರಿಕೆ ಅಚ್ಚಾಗಲೇಬೇಕು. ಶೀಟು ಇರುವುದು ನಿನ್ನ ಕೈಯಲ್ಲಿ, ಆದರೆ ಆ ಮಾತು ಮೆಡಿಕಲ್ ಸ್ಟೋರಿನವನಿಗೆ. ಚೀಟಿಯಿಲ್ಲದೆ ಚಿಲ್ಲರೆಯಾಗಿ ಮಾರಬಾರದು ಎಂದು ಅವನ ಕೈ ಕಟ್ಟುವ ಕಾನೂನು ಅದು. ‘ಅವನು’ ಎಂಬುದು ಮಾತ್ರ ಸಾಲಿನಲ್ಲಿ ಎಲ್ಲೂ ಇಲ್ಲ. ಡಾಕ್ಟರ ಹತ್ತಿರ ಇರುವ ಸ್ಯಾಂಪಲ್ ಔಷಧದ ಮೇಲೆ ‘ನಾಟ್ ಟು ಬಿ ಸೋಲ್ಡ್’ ಎಂದಷ್ಟೇ ಇರುತ್ತದೆ. ಅದನ್ನು ಯಾರೂ ಮಾರುವಂತಿಲ್ಲ. ಇಂಥ ಕಡೆ ಈ ಚುಟುಕು ರೂಪ ಸರಿಯಾಗಿ ಕೆಲಸ ಮಾಡುತ್ತದೆ. ಇಕ್ಕಟ್ಟಾದ ಜಾಗ, ಗಟ್ಟಿಯಾದ ಆಜ್ಞೆ.

ಇಂಗ್ಲಿಷ್ ಬರಹಗಾರ ಜಾರ್ಜ್ ಆರ್ವೆಲ್ 1946ರ ಒಂದು ಪ್ರಬಂಧದಲ್ಲಿ, ಆ್ಯಕ್ಟಿವ್ ಬಳಸಬಹುದಾದ ಕಡೆ ಪ್ಯಾಸಿವ್ ಬೇಡ ಎಂದು ಬುದ್ಧಿ ಹೇಳಿದ. ಒಳ್ಳೆಯ ಮಾತೇ. ಆದರೆ ಅರ್ಜಿ ಫಾರಂ, ಔಷಧದ ಲೇಬಲ್, ಟೆಂಡರ್ ನೋಟಿಸು ಬರೆಯುವವರಿಗೆ ಅದು ಪೂರ್ತಿ ಒಗ್ಗುವುದಿಲ್ಲ ಎಂದು ನನ್ನ ಅನಿಸಿಕೆ. ಪ್ಯಾಸಿವ್ ಕಂಡರೆ ತಪ್ಪು ಎಂದು ನೀನು ಹೆದರಬೇಕಾಗಿಲ್ಲ.

ಕಷ್ಟ ಇರುವುದು ಇನ್ನೊಂದು ಕಡೆ. ಫಾರಂನಲ್ಲಿ ‘ಟು ಬಿ ಸಬ್ಮಿಟೆಡ್’ ಎಂದರೆ ಅಪ್ಪಣೆ. ಪೇಪರಿನ ಹೆಡ್ಡಿಂಗಿನಲ್ಲಿ ‘ರಿಸಲ್ಟ್ಸ್ ಟು ಬಿ ಅನೌನ್ಸ್ಡ್ ಟುಮಾರೋ’ ಎಂದರೆ ನಾಳೆ ನಡೆಯುವ ಸಂಗತಿ, ಅಲ್ಲಿ ಯಾರ ಮೇಲೂ ಅಪ್ಪಣೆಯಿಲ್ಲ. ನಿನ್ನ ಆಫೀಸಿನ ಪಟ್ಟಿಯಲ್ಲಿ ‘ಬಿಲ್ಸ್ ಟು ಬಿ ವೆರಿಫೈಡ್’ ಎಂದರೆ ಬಾಕಿ ಉಳಿದ ಕೆಲಸ. ಕನ್ನಡದಲ್ಲಿ ಈ ಮೂರಕ್ಕೂ ಬೇರೆ ಬೇರೆ ರೂಪ ಇವೆ: ಸಲ್ಲಿಸತಕ್ಕದ್ದು, ಪ್ರಕಟವಾಗಲಿದೆ, ಪರಿಶೀಲಿಸಬೇಕಾದ ಬಿಲ್ಲುಗಳು. ಕೊನೆಯ ಅಕ್ಷರ ಕೇಳಿದರೇ ನಮಗೆ ಗೊತ್ತಾಗುತ್ತದೆ. ಇಂಗ್ಲಿಷಿನವರು ಒಂದೇ ರೂಪದಲ್ಲಿ ಮೂರನ್ನೂ ಸಾಗಿಸುತ್ತಾರೆ, ಹಾಗಾಗಿ ಸಾಲು ಎಲ್ಲಿ ಬರೆದಿದೆ, ಯಾರು ಬರೆದಿದ್ದಾರೆ ನೋಡಿಯೇ ಅರ್ಥ ಮಾಡಿಕೊಳ್ಳಬೇಕು. ಮನೆ ಬಾಡಿಗೆಯ ‘ಟು ಲೆಟ್’ ಬೋರ್ಡಿನಲ್ಲಿ ‘ಬಿ’ ಕೂಡ ಇಲ್ಲ, ಆದರೂ ಅರ್ಥ ಬಾಡಿಗೆಗೆ ಕೊಡಬೇಕಾದ ಮನೆ ಎಂದೇ. ಅದು ಹಳೆಯ ರೂಢಿ, ಹಾಗೇ ಒಪ್ಪಿಕೊಂಡುಬಿಡು.

ಬರೆಯುವಾಗ ಮೂರನೇ ರೂಪ ತಪ್ಪಬೇಡ. ‘ಟು ಬಿ ಸೆಂಡ್’ ಎಂದು ಬಹಳ ಜನ ಬರೆಯುತ್ತಾರೆ, ಆಗಬೇಕಾದ್ದು ‘ಟು ಬಿ ಸೆಂಟ್’. ‘ನೀಡ್ಸ್ ಟು ಬಿ ಡಿಸ್ಕಸ್’ ಅಲ್ಲ, ‘ಡಿಸ್ಕಸ್ಡ್’. ಇದಕ್ಕಿಂತ ಮುಖ್ಯವಾದದ್ದು ನಿನ್ನ ಡಿಸ್ಪ್ಯಾಚ್ ಕೆಲಸದಲ್ಲೇ ಇದೆ. ‘ಆರ್ ಟು ಬಿ ಡಿಸ್ಪ್ಯಾಚ್ಡ್’ ಎಂದರೆ ಮಾಲು ಇನ್ನೂ ಗೋಡೌನಿನಲ್ಲಿದೆ. ‘ಆರ್ ಬೀಯಿಂಗ್ ಡಿಸ್ಪ್ಯಾಚ್ಡ್’ ಎಂದರೆ ಲಾರಿಗೆ ಲೋಡ್ ಆಗುತ್ತಿದೆ. ‘ಹ್ಯಾವ್ ಬೀನ್ ಡಿಸ್ಪ್ಯಾಚ್ಡ್’ ಎಂದರೆ ಗೇಟು ದಾಟಿ ಹೊರಟಿದೆ. ಪುಣೆಯಲ್ಲೋ ಚೆನ್ನೈನಲ್ಲೋ ಕೂತ ಗಿರಾಕಿ ನಿನ್ನ ಒಂದು ಸಾಲು ನಂಬಿ ತನ್ನ ಮೆಷಿನ್ನು ಓಡಿಸುತ್ತಾನೆ. ಮಾಲು ಹೊರಡದೆ ‘ಹ್ಯಾವ್ ಬೀನ್’ ಬರೆಯಬೇಡ, ಯಾರು ಒತ್ತಾಯ ಮಾಡಿದರೂ ಬರೆಯಬೇಡ.

ಹಾಗೇ, ‘ದಿ ಮ್ಯಾಟರ್ ಟು ಬಿ ಲುಕ್ಡ್ ಇನ್‌ಟು’ ಎಂದು ಹತ್ತು ಜನರಿಗೆ ಮೇಲ್ ಹಾಕಿದರೆ ಹತ್ತು ಜನವೂ ಇನ್ನೊಬ್ಬರು ನೋಡುತ್ತಾರೆ ಅಂದುಕೊಳ್ಳುತ್ತಾರೆ. ಕೆಲಸ ಆಗಬೇಕಾದರೆ ‘ಬೈ’ ಹಾಕಿ ಹೆಸರು ಬರೆ, ತಾರೀಖು ಬರೆ. ನೀನು ಮಾಡಬೇಕಾದ ಕೆಲಸವಾದರೆ ‘ಐ ವಿಲ್’ ಎಂದೇ ಬರೆ. ಹೊಸಬಳು, ‘ಐ’ ಎಂದರೆ ಅಹಂಕಾರ ಅನ್ನಿಸೀತೇ ಎಂಬ ಸಂಕೋಚ ಬೇಡ.

ಈ ‘ಟು ಬಿ’ ಮಾತನ್ನು ಇಷ್ಟು ಒತ್ತಿ ಹೇಳುವುದಕ್ಕೆ ಆಫೀಸೊಂದೇ ಕಾರಣ ಅಲ್ಲ. ನೆಲಮಂಗಲ ತಾಲ್ಲೂಕಿನಲ್ಲಿ ಈಗ ಜಮೀನಿನ ಕಾಗದ ಓಡಾಡದ ಮನೆ ಕಡಿಮೆ. ಪಕ್ಕದ ಸೋಂಪುರ ಹೋಬಳಿಯಲ್ಲಿ ಕೈಗಾರಿಕಾ ಪ್ರದೇಶ ಬಂತು, ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ಕಡೆಗೆ ದೊಡ್ಡ ರಸ್ತೆ ಬಂತು. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವಳು ನೀನೊಬ್ಬಳೇ ಆದ್ದರಿಂದ ಕಾಗದ ನಿನ್ನ ಕೈಗೇ ಬರುತ್ತದೆ.

ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಕಾಗದದಲ್ಲಿ ‘ಪ್ರೊಪೋಸ್ಡ್ ಟು ಬಿ ಅಕ್ವೈರ್ಡ್’ ಎಂದಿದ್ದರೆ ಜಮೀನು ಹೋಯಿತು ಎಂದು ಮನೆಯವರನ್ನು ಅಳಿಸಬೇಡ. ಸ್ವಾಧೀನ ಇನ್ನೂ ಆಗಿಲ್ಲ, ಮಾಡಿಕೊಳ್ಳುವ ಉದ್ದೇಶ ಇದೆ ಎಂದಷ್ಟೇ ಅದರ ಅರ್ಥ. ಆ ಮಂಡಳಿಯ 1966ರ ಕಾಯ್ದೆಯ 28ನೇ ಸೆಕ್ಷನ್ನಿನಲ್ಲಿ ಮೊದಲು ಪ್ರಾಥಮಿಕ ಅಧಿಸೂಚನೆ ಬರುತ್ತದೆ. ಆಮೇಲೆ ಮಾಲೀಕರಿಗೆ ನೋಟಿಸು ಕೊಟ್ಟು, ಯಾಕೆ ಸ್ವಾಧೀನ ಮಾಡಬಾರದು ಎಂದು ಕಾರಣ ಹೇಳಲು 30 ದಿನ ಕೊಡುತ್ತಾರೆ. ಅಹವಾಲು ಕೇಳಿದ ಮೇಲೆ ಅಂತಿಮ ಘೋಷಣೆ, ಅದು ಪ್ರಕಟವಾದ ಮೇಲೆಯೇ ಜಮೀನು ಸರ್ಕಾರಕ್ಕೆ ಸೇರುವುದು. ‘ಟು ಬಿ’ಯನ್ನು ಗಮನಿಸದೆ ‘ಅಕ್ವೈರ್ಡ್’ ಎಂಬುದನ್ನಷ್ಟೇ ಓದಿ ಕೈಚೆಲ್ಲಿ ಕೂತರೆ ಆ 30 ದಿನ ಸುಮ್ಮನೆ ಕಳೆದುಹೋಗುತ್ತದೆ. ನೋಟಿಸು ಕೈಗೆ ಬಂದ ತಾರೀಖನ್ನು ಅವತ್ತೇ ಗುರುತು ಹಾಕಿಡು.

ಇನ್ನು ನಿಮ್ಮಪ್ಪ ಕೆರೆ ಹಿಂದಿನ ಹೊಲದ ಮಾತುಕತೆ ನಡೆಸುತ್ತಿದ್ದಾರಲ್ಲ, ಬೆಂಗಳೂರಿನ ಪಾರ್ಟಿ ಅಗ್ರಿಮೆಂಟನ್ನು ಇಂಗ್ಲಿಷಿನಲ್ಲೇ ಟೈಪ್ ಮಾಡಿಸಿ ತರುತ್ತಾರೆ. ಅದರಲ್ಲಿ ಹೊಲವನ್ನು ‘ಅಗ್ರೀಡ್ ಟು ಬಿ ಸೋಲ್ಡ್’ ಎಂದು ಬರೆದಿರುತ್ತಾರೆ. ಮಾರಲು ಒಪ್ಪಿದ್ದೇವೆ ಎಂದು ಅದರ ಅರ್ಥ, ಮಾರಿದ್ದೇವೆ ಎಂದಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಸೆಕ್ಷನ್ ಇದನ್ನೇ ಹೇಳುತ್ತದೆ: ಮಾರಾಟದ ಕರಾರಿನಿಂದಷ್ಟೇ ಸ್ವತ್ತಿನ ಮೇಲೆ ಹಕ್ಕು ಹುಟ್ಟುವುದಿಲ್ಲ. ಕ್ರಯಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ಹಾಗೆಂದು ಅಗ್ರಿಮೆಂಟು ಹಗುರ ಎಂದುಕೊಳ್ಳಬೇಡ. ಒಪ್ಪಿದ ಮಾತಿಗೆ ತಪ್ಪಿದರೆ ಅದನ್ನೇ ಹಿಡಿದು ಕೋರ್ಟಿಗೆ ಹೋಗಬಹುದು.

‘ಬ್ಯಾಲೆನ್ಸ್ ಟು ಬಿ ಪೇಯ್ಡ್’ ಎಂದಿರುವ ಕಡೆ ಎಷ್ಟು ದುಡ್ಡು, ಯಾವತ್ತಿನೊಳಗೆ ಎಂದು ಇದೆಯೇ ನೋಡು. ‘ಪೊಸೆಷನ್ ಟು ಬಿ ಡೆಲಿವರ್ಡ್’ ಎಂದಿದ್ದರೆ ಹೊಲ ಬಿಟ್ಟುಕೊಡುವುದು ಬಾಕಿ ಹಣ ಕೈಗೆ ಬಂದ ಮೇಲೆ ಎಂದು ಬರೆಸು. ‘ಎಕ್ಸ್‌ಪೆನ್ಸಸ್ ಟು ಬಿ ಬೋರ್ನ್’ ಎಂಬಲ್ಲಿ ಸ್ಟಾಂಪ್ ಖರ್ಚು ಯಾರದು ಎಂದು ಕೊಳ್ಳುವವರ ಹೆಸರು ಹಾಕಿಸು. ಟೈಪ್ ಆಗಿಹೋಗಿದೆ ಎಂದರೆ ಇನ್ನೊಂದು ಸಲ ಟೈಪ್ ಮಾಡಿಸಲಿ. ಅಲ್ಲಿಯವರೆಗೆ ಅಪ್ಪನ ಕೈಗೆ ಪೆನ್ನು ಕೊಡಬೇಡ.