ಮದುವೆಗೆ ಫೋಟೊಗ್ರಾಫರ್ ಗೊತ್ತು ಮಾಡುವುದು: ಮೊದಲ ಸಲದವರಿಗೆ ಹಂತ ಹಂತವಾಗಿ

ಛತ್ರ ಗೊತ್ತಾಯಿತು, ಅಡುಗೆಯವರು ಒಪ್ಪಿದರು, ವಾಲಗದವರಿಗೆ ಮುಂಗಡ ಕೊಟ್ಟಾಯಿತು, ಲಗ್ನಪತ್ರಿಕೆ ಅಚ್ಚಿಗೆ ಹೋಯಿತು. ಆಮೇಲೆ ಯಾರೋ ‘ಫೋಟೊದವರಿಗೆ ಹೇಳಿದಿರಾ?’ ಎನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ಆಗುವುದು ಹೀಗೆಯೇ. ಆದರೆ ಅಷ್ಟೂ ಖರ್ಚಿನಲ್ಲಿ ಮೂವತ್ತು ವರ್ಷದ ಮೇಲೂ ಕೈಗೆ ಸಿಗುವುದು ಒಡವೆ, ಸೀರೆ ಬಿಟ್ಟರೆ ಫೋಟೊಗಳು ಮಾತ್ರ. ಆದ್ದರಿಂದ ಈ ಕೆಲಸವನ್ನು ಮುಂಚೆಯೇ ಕೈಗೆತ್ತಿಕೊಳ್ಳಿ. ಯಾವ ಕ್ಯಾಮೆರಾ, ಎಷ್ಟು ಲೈಟು ಎಂದು ವಿಚಾರಿಸುವ ಮೊದಲು, ನಿಮ್ಮ ಮನೆಯ ಶಾಸ್ತ್ರಗಳು ಅವರಿಗೆ ಗೊತ್ತೇ ಎಂದು ಕೇಳಿ. ಉಳಿದದ್ದೆಲ್ಲ ಅದರ ನಂತರದ ಮಾತು.

ಹಂತ 1: ಶಾಸ್ತ್ರಗಳ ಪಟ್ಟಿ ಬರೆಯಿರಿ

ಮನೆಯ ಹಿರಿಯರ ಜೊತೆ, ಸಾಧ್ಯವಾದರೆ ಪುರೋಹಿತರ ಜೊತೆಯೂ ಕುಳಿತು, ಯಾವ ಶಾಸ್ತ್ರ ಎಲ್ಲಿ, ಯಾವ ಹೊತ್ತಿಗೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಚಪ್ಪರ, ಅರಿಶಿನ, ನಾಂದಿ, ವರಪೂಜೆ, ಕಾಶಿಯಾತ್ರೆ, ಧಾರೆ, ಲಾಜಾಹೋಮ, ಸಪ್ತಪದಿ, ಆರತಕ್ಷತೆ, ಮನೆ ತುಂಬಿಸಿಕೊಳ್ಳುವುದು ಹೀಗೆ. ಉತ್ತರ ಕರ್ನಾಟಕದ ಮನೆಯಾದರೆ ಸುರಗಿ ಸೇರುತ್ತದೆ. ಕೊಡವರ ಮದುವೆಯಲ್ಲಿ ಬಾಳೆ ದಿಂಡು ಕಡಿಯುವ ಗಳಿಗೆ ತಪ್ಪಬಾರದು. ಮಂಗಳೂರು ಕಡೆಯ ಕ್ಯಾಥೊಲಿಕರಲ್ಲಿ ಮದುವೆಗೆ ಮುಂಚಿನ ರೋಸ್ ಮುಖ್ಯ. ನಿಕಾಹ್‌ನಲ್ಲಿ ಹೆಂಗಸರು ಬೇರೆ ಕಡೆ ಕೂರುವ ಮನೆಯಾದರೆ ಅಲ್ಲಿಗೆ ಮಹಿಳಾ ಫೋಟೊಗ್ರಾಫರೇ ಬೇಕು. ಅದನ್ನು ಈಗಲೇ ಬರೆದಿಡಿ.

ಎಷ್ಟು ದಿನ, ಎಷ್ಟು ಜನ ಬೇಕು ಎಂಬುದು ಈ ಪಟ್ಟಿಯಿಂದಲೇ ತಿಳಿಯುತ್ತದೆ. ಕುವೆಂಪು ಅವರು ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು 1966ರಲ್ಲಿ ನಡೆಸಿದ ಮಂತ್ರ ಮಾಂಗಲ್ಯದ ರೀತಿಯಲ್ಲಿ ಸರಳವಾಗಿ ಮದುವೆಯಾಗುವವರಿಗೆ ಒಬ್ಬರ ಅರ್ಧ ದಿನದ ಕೆಲಸ ಸಾಕು. ಮೂರು ದಿನದ ಪ್ಯಾಕೇಜನ್ನು ಯಾರೂ ಅವರ ತಲೆಗೆ ಕಟ್ಟಬೇಕಿಲ್ಲ.

ಹಂತ 2: ಮುಹೂರ್ತ ಸಿಕ್ಕ ವಾರವೇ ವಿಚಾರಿಸಿ

ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಧನುರ್ಮಾಸದಲ್ಲಿ ಮದುವೆ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಉಳಿದ ತಿಂಗಳ ಒಳ್ಳೆಯ ದಿನಗಳಿಗೆ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ. ನಿಮ್ಮ ಲಗ್ನದ ಹೊತ್ತಿಗೇ ಪಕ್ಕದ ಛತ್ರದಲ್ಲೂ ಗಟ್ಟಿಮೇಳ ಕೇಳಬಹುದು. ತಡವಾಗಿ ಹೋದರೆ, ಎರಡು ಕಡೆ ಕೆಲಸ ಒಪ್ಪಿಕೊಂಡು ಒಂದು ಕಡೆಗೆ ಹೊಸ ಹುಡುಗರನ್ನು ಕಳಿಸುವವರು ಸಿಗುತ್ತಾರೆ.

ಹಂತ 3: ಒಂದು ಮದುವೆಯ ಅಷ್ಟೂ ಚಿತ್ರ ನೋಡಿ

ಇದಕ್ಕೆ ಸಮಯ ಕೊಡಿ. ಇನ್‌ಸ್ಟಾಗ್ರಾಂನಲ್ಲಿ ಇರುವುದು ಐವತ್ತು ಮದುವೆಗಳಿಂದ ಆರಿಸಿದ ಐವತ್ತು ಒಳ್ಳೆಯ ಚಿತ್ರ. ನಿಮಗೆ ಬೇಕಾದದ್ದು ಒಂದೇ ಮದುವೆಯ ಬೆಳಗಿನಿಂದ ರಾತ್ರಿವರೆಗಿನ ಚಿತ್ರಗಳು. ಸ್ಟುಡಿಯೊಗೆ ಹೋಗಿ, ನಿಮ್ಮಂಥದೇ ಛತ್ರದಲ್ಲಿ, ನಿಮ್ಮಂಥದೇ ಪದ್ಧತಿಯಲ್ಲಿ ನಡೆದ ಒಂದು ಮದುವೆಯನ್ನು ಪೂರ್ತಿ ತೋರಿಸಿ ಎಂದು ಕೇಳಿ. ಆ ಮನೆಯವರ ಒಪ್ಪಿಗೆ ಪಡೆದು ತೋರಿಸಬೇಕು ಎಂದರೆ ಕಾಯಿರಿ. ಹಾಗೆ ಹೇಳುವವರು ನಿಮ್ಮ ಚಿತ್ರಗಳನ್ನೂ ಜೋಪಾನ ಮಾಡುತ್ತಾರೆ.

ನೋಡುವಾಗ ಮೊದಲು ಅಂತರಪಟ ಸರಿಯುವ ಗಳಿಗೆಯನ್ನು ಹುಡುಕಿ. ಗಂಡು ಹೆಣ್ಣು ಎದುರುಬದುರು ನಿಂತು ಜೀರಿಗೆ ಬೆಲ್ಲ ಹಾಕುವಾಗ ಒಂದು ಕ್ಯಾಮೆರಾಕ್ಕೆ ಒಬ್ಬರ ಮುಖವಷ್ಟೇ ಸರಿಯಾಗಿ ಕಾಣುತ್ತದೆ. ಎರಡು ಮುಖವೂ ಸಿಕ್ಕಿದ್ದರೆ, ಇಬ್ಬರು ಮೊದಲೇ ಮಾತಾಡಿಕೊಂಡು ಎರಡು ಬದಿಯಲ್ಲಿ ನಿಂತಿದ್ದರೆಂದು ಅರ್ಥ. ಆಮೇಲೆ ಮಾಂಗಲ್ಯಧಾರಣೆ. ಗಟ್ಟಿಮೇಳ ಶುರುವಾದೊಡನೆ ಜನ ಎದ್ದು ನಿಲ್ಲುತ್ತಾರೆ, ಅಕ್ಷತೆ ಬೀಳುತ್ತದೆ, ಹಿರಿಯರೆಲ್ಲ ಮಂಟಪದ ಸುತ್ತ ಸೇರುತ್ತಾರೆ. ಆ ಮೇಲೆ ಜಾಗ ಹುಡುಕಿದವರಿಗೆ ಸಿಗುವುದು ಪುರೋಹಿತರ ಬೆನ್ನು. ಶಾಸ್ತ್ರ ಬಲ್ಲವರು ಅದಕ್ಕಿಂತ ಮೊದಲೇ ತಮ್ಮ ಜಾಗದಲ್ಲಿ ಕೂತಿರುತ್ತಾರೆ. ‘ಇನ್ನೊಂದು ಸಲ ತಾಳಿ ಹಿಡಿಯಿರಿ’ ಎಂದು ನಿಲ್ಲಿಸಿ ತೆಗೆದ ಚಿತ್ರದಲ್ಲಿ ಮದುಮಗಳ ಕಣ್ಣು ಕ್ಯಾಮೆರಾದ ಕಡೆಗಿರುತ್ತದೆ; ಅದರಿಂದಲೇ ಗುರುತು ಸಿಗುತ್ತದೆ.

ಬೆಳಕನ್ನೂ ಗಮನಿಸಿ. ಬಣ್ಣದ ಶಾಮಿಯಾನದಡಿ ಮುಖಗಳಿಗೂ ಅದೇ ಬಣ್ಣ ಬಂದಿದೆಯೇ? ವೇದಿಕೆಯ ನೇರಳೆ ಎಲ್‌ಇಡಿ ಬೆಳಕು ಎಲ್ಲರ ಕೆನ್ನೆ ಮೇಲೆ ಕೂತಿದೆಯೇ? ಬಿಳಿ ಪಂಚೆಯ ನೆರಿಗೆ, ರೇಷ್ಮೆ ಸೀರೆಯ ಜರಿ ಬಿಡಿಸಿ ಕಾಣುತ್ತವೆಯೇ? ಚರ್ಮದ ಬಣ್ಣ ಹೇಗಿದೆ ಎಂಬುದು ನನಗೆ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ. ಕಪ್ಪಗಿನ, ಎಣ್ಣೆಗೆಂಪಿನ ಚಂದದ ಮುಖಗಳಿಗೆ ಸುಣ್ಣ ಬಳಿದಂತೆ ಬಿಳುಪು ಹಚ್ಚುವ ಚಟ ಅನೇಕ ಸ್ಟುಡಿಯೊಗಳಿಗಿದೆ. ‘ನಮ್ಮ ಹುಡುಗಿಯ ಬಣ್ಣ ಬದಲಿಸಬೇಡಿ’ ಎಂದು ಬಾಯಿಬಿಟ್ಟು ಹೇಳಿ.

ಕೊನೆಗೆ, ಅಂಚಿನಲ್ಲಿರುವವರನ್ನು ಹುಡುಕಿ: ಗೋಡೆ ಬದಿಯ ಕುರ್ಚಿಯಲ್ಲಿ ಕುಳಿತ ಅಜ್ಜಿ, ಪಂಕ್ತಿಯಲ್ಲಿ ಬಡಿಸುವವರು, ನಿದ್ದೆಗೆ ಜಾರಿದ ಮಕ್ಕಳು. ಮೈಸೂರಿನ ಟಿ.ಎಸ್. ಸತ್ಯನ್ ಅವರು ಸಾಮಾನ್ಯ ಜನರ ದಿನದಿನದ ಬದುಕನ್ನು ತೆಗೆದ ಕಪ್ಪು ಬಿಳುಪು ಚಿತ್ರಗಳನ್ನು ಒಂದು ಸಂಜೆ ನೋಡಿ ಬನ್ನಿ. ‘ಕ್ಯಾಂಡಿಡ್’ ಎಂದು ದರಪಟ್ಟಿಯಲ್ಲಿ ಬರೆಯುವುದು ಸುಲಭ. ಕಾದು ತೆಗೆದ ಚಿತ್ರ ಹೇಗಿರುತ್ತದೆ ಎಂಬುದು ಆಗ ನಿಮ್ಮ ಕಣ್ಣಿಗೇ ಗೊತ್ತಾಗುತ್ತದೆ.

ಹಂತ 4: ಎದುರು ಕುಳಿತು ಕೇಳಿ

ನಮ್ಮ ಮದುವೆಗೆ ಬರುವವರು ನೀವೇಯೇ? ನಾನು ನೋಡಿದ ಚಿತ್ರಗಳನ್ನು ತೆಗೆದವರು ಯಾರು? ನಿಮಗೆ ಹುಷಾರು ತಪ್ಪಿದರೆ ಯಾರು ಬರುತ್ತಾರೆ? ಈ ಮೂರಕ್ಕೂ ಹೆಸರು ಹಿಡಿದು ಉತ್ತರ ಬರಬೇಕು. ನಿಮ್ಮ ಶಾಸ್ತ್ರದ ಹಾಳೆಯನ್ನು ಕೊಟ್ಟು, ಧಾರೆಯ ಹೊತ್ತಿಗೆ ಯಾರು ಎಲ್ಲಿ ನಿಲ್ಲುತ್ತೀರಿ ಎಂದು ಕೇಳಿ. ಒಂದು ಶಾಸ್ತ್ರ ಗೊತ್ತಿಲ್ಲದಿದ್ದರೆ ‘ಅದು ಹೇಗೆ ಮಾಡುತ್ತೀರಿ?’ ಎಂದು ತಿರುಗಿ ಕೇಳುವವರನ್ನು ಧಾರಾಳವಾಗಿ ನಂಬಬಹುದು.

ಸಲಕರಣೆಯ ಬಗ್ಗೆ ಎರಡು ಮಾತು ಸಾಕು. ಹೆಚ್ಚುವರಿ ಕ್ಯಾಮೆರಾ ಇದೆಯೇ, ಮತ್ತು ಪ್ರತಿ ಚಿತ್ರ ಒಟ್ಟಿಗೇ ಎರಡು ಕಾರ್ಡ್‌ಗಳಲ್ಲಿ ಉಳಿಯುತ್ತದೆಯೇ. ಒಂದು ಕಾರ್ಡ್ ಕೆಟ್ಟರೂ ಮುಹೂರ್ತ ಕೈತಪ್ಪುವುದಿಲ್ಲ.

ಹಂತ 5: ಎಲ್ಲವನ್ನೂ ಬರೆಸಿಕೊಳ್ಳಿ

ವಾಟ್ಸ್‌ಆ್ಯಪ್‌ನಲ್ಲಿ ಬಂದ ದರಪಟ್ಟಿಯನ್ನೇ ಒಪ್ಪಂದ ಎಂದುಕೊಳ್ಳಬೇಡಿ. ದಿನಾಂಕ, ಕೆಲಸದ ಹೊತ್ತು, ಬರುವವರ ಹೆಸರು, ತಿದ್ದಿ ಕೊಡುವ ಚಿತ್ರಗಳ ಸಂಖ್ಯೆ, ವಿಡಿಯೊ ಎಷ್ಟು ನಿಮಿಷ, ಕೊಡುವ ದಿನ ಇವೆಲ್ಲ ಕಾಗದದ ಮೇಲಿರಲಿ. 12×36 ಅಳತೆಯ ಆಲ್ಬಂ ಎಂದರೆ ‘ನಲವತ್ತು’ ಎಂಬುದು ಹಾಳೆಯೋ ಪುಟವೋ ಕೇಳಿ. ಒಂದು ಹಾಳೆಗೆ ಎರಡು ಪುಟ, ಜಗಳ ಹುಟ್ಟುವುದೇ ಅಲ್ಲಿ. ಹೇಳಿದ ದರದಲ್ಲಿ ಶೇಕಡಾ 18 ಜಿಎಸ್‌ಟಿ ಸೇರಿದೆಯೇ, ಹೊರ ಊರಿನ ಮದುವೆಯಾದರೆ ಓಡಾಟದ ಮತ್ತು ಉಳಿಯುವ ಖರ್ಚು ಯಾರದು ಎಂಬುದೂ ಸ್ಪಷ್ಟವಾಗಲಿ. ಹಣವನ್ನು ಮೂರು ಕಂತು ಮಾಡಿ: ಮುಂಗಡ, ಮದುವೆಯ ದಿನ, ಆಲ್ಬಂ ಕೈಗೆ ಬಂದಾಗ.

ಬಹಳ ಜನರಿಗೆ ತಿಳಿಯದ ಒಂದು ವಿಷಯವಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಹೇಳಿ ತೆಗೆಸಿದ ಫೋಟೊದ ಮೊದಲ ಹಕ್ಕುದಾರರು ತೆಗೆಸಿದವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಆದ್ದರಿಂದ ‘ಎಲ್ಲ ಹಕ್ಕುಗಳೂ ಸ್ಟುಡಿಯೊದ್ದು’ ಎಂಬ ಸಾಲು ಒಪ್ಪಂದದ ಹಿಂಬದಿಯಲ್ಲಿ ಇದೆಯೇ ಎಂದು ಓದಿ ಸಹಿ ಮಾಡಿ. ಮದುಮಗಳ ಚಿತ್ರ ಅವರ ಪುಟದಲ್ಲಿ ಹಾಕಲು ನಿಮ್ಮ ಒಪ್ಪಿಗೆ ಬೇಕು ಎಂದೂ ಬರೆಸಿ.

ಹಂತ 6: ಪ್ರಿ-ವೆಡ್ಡಿಂಗ್, ಡ್ರೋನ್

ಬೇಡವಾದರೆ ಬೇಡ ಎನ್ನಿ. ಪ್ಯಾಕೇಜಿನಲ್ಲಿ ಇದೆ ಎಂಬ ಕಾರಣಕ್ಕೆ ಹೋಗಬೇಕಿಲ್ಲ. ಹೋಗುವುದಾದರೆ ನೀರಿನ ಹತ್ತಿರ ಬೇಡ. 2020ರ ನವೆಂಬರಿನಲ್ಲಿ ತಲಕಾಡಿನ ಬಳಿ ಕಾವೇರಿಯಲ್ಲಿ ಇಂಥದೇ ಚಿತ್ರೀಕರಣದ ಹೊತ್ತಿನಲ್ಲಿ ತೆಪ್ಪ ಮಗುಚಿ ಮದುವೆ ನಿಶ್ಚಯವಾಗಿದ್ದ ಜೋಡಿ ಮುಳುಗಿ ತೀರಿಕೊಂಡಿತು. ಡ್ರೋನ್ ಹಾರಿಸುವುದಾದರೆ 2021ರ ಡ್ರೋನ್ ನಿಯಮಗಳು ಅನ್ವಯಿಸುತ್ತವೆ. ಅದು ನೋಂದಣಿಯಾಗಿದೆಯೇ, ಛತ್ರ ವಿಮಾನ ನಿಲ್ದಾಣದ ಸಮೀಪದ ನಿಷೇಧಿತ ವಲಯದಲ್ಲಿದೆಯೇ ಎಂದು ಅವರಿಂದಲೇ ತಿಳಿದುಕೊಳ್ಳಿ.

ಹಂತ 7: ವಾರದ ಮುಂಚೆ ಮತ್ತು ಆ ದಿನ

ತಪ್ಪದೆ ತೆಗೆಯಬೇಕಾದವರ ಪಟ್ಟಿ ಮಾಡಿ. ವಯಸ್ಸಾದವರು, ದೂರದಿಂದ ಬರುವವರು, ಬೇಗ ಹೊರಡುವವರು ಮೊದಲು ಬರಲಿ. ಪಟ್ಟಿಯನ್ನು ಫೋಟೊಗ್ರಾಫರ್ ಕೈಗೆ ಕೊಟ್ಟರೆ ಸಾಲದು, ಅವರಿಗೆ ಯಾರ ಮುಖವೂ ಗೊತ್ತಿಲ್ಲ. ಎರಡೂ ಕಡೆಯಿಂದ ಒಬ್ಬೊಬ್ಬರನ್ನು ಜೊತೆಗೆ ಬಿಡಿ. ಹುಡುಗಿಯ ಅಣ್ಣನಿಗೋ ತಮ್ಮನಿಗೋ ಈ ಕೆಲಸ ಬೇಡ. ಲಾಜಾಹೋಮದಲ್ಲಿ ಅರಳು ಹಾಕಲು ಅವನು ಮಂಟಪದಲ್ಲಿರಬೇಕು. ಸೋದರಮಾವನಿಗೂ ಶಾಸ್ತ್ರಗಳಿರುತ್ತವೆ. ದೊಡ್ಡಪ್ಪನ ಮಗನೋ ಚಿಕ್ಕಮ್ಮನ ಮಗಳೋ ಸರಿ.

ಹಿರಿಯರ ಗುಂಪು ಚಿತ್ರಗಳನ್ನು ಊಟಕ್ಕೆ ಮೊದಲೇ ಮುಗಿಸಿ. ಧಾರೆಯ ಹೊತ್ತಿಗೆ ಮಂಟಪದ ಮುಂದೆ ಅಡ್ಡ ನಿಲ್ಲಬೇಡಿ ಎಂದು ಫೋಟೊ, ವಿಡಿಯೊದವರಿಗೂ ಮೊಬೈಲ್ ಹಿಡಿದ ನೆಂಟರಿಗೂ ಹೇಳಿ. ಮುಂದಿನ ಸಾಲಿನಲ್ಲಿ ಕೂತವರು ಮದುವೆ ನೋಡಲೆಂದೇ ಬಂದಿದ್ದಾರೆ. ಮತ್ತೆ, ಮೂರು ಗಂಟೆಗೆ ಎದ್ದು ಬಂದ ಆ ಹುಡುಗರನ್ನು ಯಾರಾದರೂ ಕರೆದು ತಿಂಡಿಗೆ, ಊಟಕ್ಕೆ ಕೂರಿಸಬೇಕು. ಕೊನೇ ಪಂಕ್ತಿಯವರೆಗೆ ಕಾಯಿಸುವುದು ಮನೆತನಕ್ಕೆ ಒಪ್ಪುವ ಕೆಲಸವಲ್ಲ.

ಹಂತ 8: ಮದುವೆಯಾದ ಮೇಲೆ

ಮದುವೆ ನೋಂದಣಿಗೆ ಲಗ್ನಪತ್ರಿಕೆಯ ಜೊತೆ ಮದುವೆಯ ಫೋಟೊವನ್ನೂ ಕೇಳುತ್ತಾರೆ. ನಾಲ್ಕೈದು ಚಿತ್ರಗಳನ್ನು ಆ ವಾರವೇ ಪಡೆಯಿರಿ. ಆಲ್ಬಮ್ಮಿಗೆ ಚಿತ್ರ ಆರಿಸುವ ಕೆಲಸ ನಮ್ಮ ಮನೆಗಳಲ್ಲಿ ತಿಂಗಳುಗಟ್ಟಲೆ ಉಳಿದುಬಿಡುತ್ತದೆ, ಬೈಗುಳ ಮಾತ್ರ ಸ್ಟುಡಿಯೊಗೆ. ಎರಡು ಮನೆಯಿಂದ ಒಬ್ಬೊಬ್ಬರು ಕೂತು ಎರಡು ಭಾನುವಾರದಲ್ಲಿ ಮುಗಿಸಿ. ಮೂಲ ಚಿತ್ರಗಳನ್ನು ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ ಪಡೆದು ಒಂದನ್ನು ಗಂಡಿನ ಮನೆಯಲ್ಲಿ, ಇನ್ನೊಂದನ್ನು ಹೆಣ್ಣಿನ ಮನೆಯಲ್ಲಿ ಇಡಿ. ಪ್ರತಿ ಫೋಲ್ಡರ್ ತೆರೆದು ನೋಡಿದ ಮೇಲೆ ಕೊನೆಯ ಕಂತು ಕೊಡಿ.

ಬರೆದುಕೊಟ್ಟದ್ದನ್ನು ಕೊಡದೆ ಸತಾಯಿಸಿದರೆ ಮೊದಲು ಲಿಖಿತ ನೋಟಿಸ್, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ಸಲ್ಲಿಸಬಹುದು. ಐದನೇ ಹಂತದ ಕಾಗದ, ಹಣ ಕೊಟ್ಟ ರಸೀದಿಗಳು ಬೇಕಾಗುವುದು ಆಗಲೇ.